ವಿಷ ತಗುಲಿದವರು ಕದಲಬಾರದು

ಜೋಗುಪಾಳ್ಯದ ನಮ್ಮ ಕೋಣೆಯ ನಡುವೆ ಅವ್ವನ ಹಳೆಯ ಸೀರೆಯೊಂದು ಪರದೆಯಾಗಿ ತೂಗುತ್ತಿತ್ತು. ಈಚೆ ಅಪ್ಪ, ಅವ್ವ, ನಾನು. ಆಚೆ ಕಾಕಾ, ಸಣ್ಣವ್ವ, ಅವರ ಐದು ವರ್ಷದ ಮಗಳು ಮಲ್ಲಿ. ಕಾಕಾ ಎಂದರೆ ಅಪ್ಪನ ತಮ್ಮ, ಸಣ್ಣವ್ವ ಅವನ ಹೆಂಡತಿ ಶರಣಿ. ಯಾದಗಿರಿ ಕಡೆಯ ಹಳ್ಳಿಯಿಂದ ಒಂದೇ ರೈಲಿನಲ್ಲಿ ಬಂದ ಎರಡು ಸಂಸಾರಗಳು ಒಂದೇ ಬಾಡಿಗೆ ಕೋಣೆಯನ್ನು ಹೀಗೆ ಹಂಚಿಕೊಂಡಿದ್ದವು. ಅಪ್ಪ ಗೋಡೆ ಕಟ್ಟುತ್ತಿದ್ದ, ಕಾಕಾ ಕಂಬಿ ಕಟ್ಟುತ್ತಿದ್ದ, ಸಣ್ಣವ್ವ ಅವರ ಜೊತೆ ಹೋಗಿ ಇಟ್ಟಿಗೆ, ಮರಳು ಹೊರುತ್ತಿದ್ದಳು. ಅವ್ವ ಮಾತ್ರ ಇಂದಿರಾನಗರದ ಮೂರು ಮನೆಗಳಲ್ಲಿ ಪಾತ್ರೆ ತೊಳೆದು ಮಧ್ಯಾಹ್ನಕ್ಕೆ ಮನೆ ಸೇರುತ್ತಿದ್ದಳು. ಇದ್ದದ್ದು ಒಂದೇ ಸೀಮೆಎಣ್ಣೆ ಸ್ಟೋವ್. ಬೆಳಗಾಗುತ್ತಲೇ ಮೊದಲು ಸಣ್ಣವ್ವ ರೊಟ್ಟಿ ಬಡಿಯುತ್ತಿದ್ದಳು, ಆಮೇಲೆ ಅವ್ವ. ವಠಾರದ ಉಳಿದ ಮನೆಗಳವರಿಗೆ ನಮ್ಮ ಹೆಸರು ಗೊತ್ತಾಗುವ ಮೊದಲೇ ನಾವು 'ಟಪಟಪ ರೊಟ್ಟಿ ಮನೆಯವರು' ಆಗಿದ್ದೆವು. ಸೀರೆಯನ್ನು ಹಗಲಲ್ಲಿ ಮಡಿಸಿ ಗೂಟಕ್ಕೆ ಸಿಕ್ಕಿಸಿಡುವುದು ವಾಡಿಕೆ. ನಾನು ಹೇಳಹೊರಟಿರುವ ದಿನಗಳಲ್ಲಿ ಅದು ಹಗಲಲ್ಲೂ ಇಳಿದೇ ಇತ್ತು.

ಜಗಳ ಹುಟ್ಟಿದ್ದು ಒಂದು ಪಾತ್ರೆ ಬೇಳೆಯಿಂದ. ಮಲ್ಲಿ ಓಡಿ ಬಂದು ಎಡವಿ, ಅವ್ವ ಆಗಷ್ಟೇ ಇಳಿಸಿಟ್ಟ ಖಾರಬೇಳೆಯನ್ನು ನೆಲಕ್ಕೆ ಚೆಲ್ಲಿದಳು. ಕಾಲಿಗೆ ಬಿದ್ದಿದ್ದರೆ ಸುಟ್ಟೇ ಹೋಗುತ್ತಿತ್ತು. ಆ ಹೆದರಿಕೆಗೆ ಅವ್ವ ಅವಳ ಬೆನ್ನಿಗೊಂದು ಕೊಟ್ಟಳು. ಸಣ್ಣವ್ವ ಆಚೆಯಿಂದ ಬಂದು, ನನ್ನ ಮಗಳ ಮೈ ಮುಟ್ಟಾಕ ನೀ ಯಾರು ಎಂದಳು. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಅವ್ವನ ಬಾಯಿಂದ ಬರಬಾರದ ಮಾತು ಬಂತು.

"ಹತ್ತು ವರ್ಷಕ್ಕ ಒಂದು ಹಡದು ಇಷ್ಟು ಮೆರೀಬ್ಯಾಡ."

ಸಣ್ಣವ್ವನ ಮದುವೆಯಾಗಿ ಹತ್ತು ವರ್ಷ ಮಕ್ಕಳಿರಲಿಲ್ಲ. ಊರಿನಲ್ಲಿ ಅವಳು ಯಾರ ಯಾರ ಬಾಯಿಂದ ಏನೇನು ಕೇಳಿಸಿಕೊಂಡಿದ್ದಳೋ ಅದೆಲ್ಲ ಅವ್ವನಿಗೆ ಗೊತ್ತಿತ್ತು. ಆಗೆಲ್ಲ ಅವಳ ಪರ ನಿಂತವಳೂ ಅವ್ವನೇ. ಅದಕ್ಕೇ ಆ ಮಾತು ಅಷ್ಟು ಆಳಕ್ಕೆ ಇಳಿದಿರಬೇಕು. ಸಣ್ಣವ್ವ ನೆಲದ ಬೇಳೆಯನ್ನು ಬಟ್ಟೆಯಿಂದ ಬಳಿದು ತೆಗೆದಳು, ಸೀರೆ ಇಳಿಸಿದಳು. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಆದರೆ ಒಂದೇ ಕೋಣೆ, ಒಂದೇ ಸ್ಟೋವ್, ಒಂದೇ ನೀರಿನ ಹಂಡೆ. ಮಾತಿಲ್ಲದೆ ಸಂಸಾರ ಹೇಗೆ ನಡೆಯಬೇಕು? ನಡುವೆ ನಾನಿದ್ದೆ. ಅವ್ವ ಸೀರೆಯ ಈಚೆ ನಿಂತು, "ನಿಮ್ಮ ಸಣ್ಣವ್ವಗ ಹೇಳು, ಬತ್ತಿ ಏರಿಸಿ ಸ್ಟೋವ್ ಹಾಳ ಮಾಡ್ಯಾಳಂತ" ಅನ್ನುವಳು. ನಾನು ಸೀರೆ ಸರಿಸಿ, "ಸಣ್ಣವ್ವ, ಬತ್ತಿ ಸ್ವಲ್ಪ ಇಳಿಸಬೇಕಂತ" ಅನ್ನುವೆ. ಸಣ್ಣವ್ವ, "ಅಷ್ಟು ಉರಿ ಇದ್ದಾಕಿ ಬ್ಯಾರೆ ಸ್ಟೋವ್ ತರ್ಲಿ ಅಂತ ಹೇಳು" ಅನ್ನುವಳು. ನಾನು ಈಚೆ ಬಂದು, "ಆಯ್ತಂತ ಅವ್ವ" ಅನ್ನುವೆ. ಮೂರು ಮೊಳದ ದೂರ. ಇಬ್ಬರಿಗೂ ಇಬ್ಬರ ಮಾತೂ ನೇರವಾಗಿಯೇ ಕೇಳಿಸುತ್ತಿತ್ತು. ಆದರೂ ನನ್ನ ಬಾಯಿಂದ ಹಾದು ಬಂದದ್ದನ್ನೇ ಕೇಳಿಸಿಕೊಂಡವರಂತೆ ಇರುತ್ತಿದ್ದರು. ಹತ್ತು ವರ್ಷದ ನನಗೆ ಆ ದಿನಗಳಲ್ಲಿ ಒಂದು ಅಭ್ಯಾಸ ಅಂಟಿಕೊಂಡಿತು. ಯಾರಾದರೂ ಏನಾದರೂ ಕೇಳಿದರೆ ನಿಜ ಏನೆಂದು ಯೋಚಿಸುತ್ತಿರಲಿಲ್ಲ. ಏನು ಹೇಳಿದರೆ ಮನೆ ಹೊತ್ತಿ ಉರಿಯುವುದಿಲ್ಲ ಎಂದು ಮೊದಲು ನೋಡುತ್ತಿದ್ದೆ. ಅದನ್ನು ಸುಳ್ಳು ಎಂದು ನಾನು ಎಣಿಸಿರಲಿಲ್ಲ.

ಮಲ್ಲಿಯನ್ನು ಅಂಗನವಾಡಿಯಿಂದ ಕರೆತಂದು ಸಂಜೆಯವರೆಗೆ ನೋಡಿಕೊಳ್ಳುವುದು ಅವ್ವನ ಪಾಲಿನ ಕೆಲಸವಾಗಿತ್ತು. ಜಗಳದ ಮೇಲೆ ಅವ್ವ ಅವಳನ್ನು ಕರೆತಂದು ಉಣ್ಣಿಸುತ್ತಿದ್ದಳು, ಅಷ್ಟೇ. ನಾನು ಶಾಲೆಯಿಂದ ಬಂದ ಕೂಡಲೇ ಅವಳ ಕೈಯನ್ನು ನನ್ನ ಕೈಗೆ ಕೊಡುತ್ತಿದ್ದಳು.

"ಅಕಿನ್ನ ನೀನ ನೋಡ್ಕೊ. ನಾ ನೋಡಿದ್ರ ಮತ್ತೊಂದು ಮಾತು ಬರ್ತದ. ಎಲ್ಲಿ ಬೇಕಾದ್ರೂ ಆಡ್ರಿ, ರಸ್ತೆ ದಾಟಿ ಆ ಕಟ್ಟಡದ ಕಡಿ ಮಾತ್ರ ಹೋಗಬ್ಯಾಡ್ರಿ. ಹೋದ್ರ ಕಾಲು ಮುರೀತಿನಿ."

ರಸ್ತೆಯಾಚೆ ಒಂದು ದೊಡ್ಡ ಮನೆ ಏಳುತ್ತಿತ್ತು. ಎರಡು ಅಂತಸ್ತಿನ ಕಂಬಗಳು ನಿಂತಿದ್ದವು. ಅಂಗಳದಲ್ಲಿ ಗೋಡೆಗೆ ಹೊಡೆಯುವ ನೀರಿಗೆಂದು ನೆಲದೊಳಗೆ ಕಟ್ಟಿದ ಸಂಪು ಇತ್ತು, ಮುಚ್ಚಳ ಇನ್ನೂ ಬಂದಿರಲಿಲ್ಲ. ಅವ್ವನ ಹೆದರಿಕೆ ಆ ಸಂಪಿನದು.

ಜೋಗುಪಾಳ್ಯದ ಮಕ್ಕಳ ಜೊತೆ ನಾನು ಬೆರೆತದ್ದು ಆಟದಿಂದ. ಮೊದಲ ತಿಂಗಳು ಯಾರೂ ಸೇರಿಸಲಿಲ್ಲ. ನನ್ನ ಮಾತು ಅವರಿಗೆ ನಗು. 'ಹೌದೇನು' ಅಂದರೂ ನಗು, 'ಬ್ಯಾಡ' ಅಂದರೂ ನಗು. ಪಕ್ಕದ ಮನೆಯ ಸೆಲ್ವಿ ಮನೆಯಲ್ಲಿ ತಮಿಳು, ಹೊರಗೆ ಕನ್ನಡ ಆಡುವವಳು; ನನಗಿಂತ ಒಂದು ವರ್ಷ ದೊಡ್ಡವಳು. ಮೂಲೆ ಮನೆಯ ಅಸ್ಲಂ ಉದ್ದ ಕಾಲಿನ ಹುಡುಗ. ಇವರಿಬ್ಬರೇ ಆ ಗಲ್ಲಿಯ ಆಟಕ್ಕೆ ಯಜಮಾನರು. ಒಂದು ದಿನ ಅಸ್ಲಂ ನನ್ನನ್ನು ನೋಡಿ ಕೂಗಿದ.

"ಏಯ್ ರೊಟ್ಟಿ! ನಿಮ್ಮೂರಲ್ಲಿ ಆಟ ಗೀಟ ಏನಾದ್ರೂ ಇದ್ಯಾ, ಬರೀ ರೊಟ್ಟಿ ಬಡಿಯೋದೇನಾ?"

"ಅದ. ವಿಷ-ಅಮೃತ" ಎಂದೆ.

ಅವರು ಆಡುತ್ತಿದ್ದ ಲಾಕ್ ಅಂಡ್ ಕೀ ಆಟಕ್ಕೂ ಇದಕ್ಕೂ ಹೆಚ್ಚು ವ್ಯತ್ಯಾಸವಿರಲಿಲ್ಲ, ಆದರೆ ಹೆಸರು ಕೇಳಿಯೇ ಎಲ್ಲರೂ ಸುತ್ತ ನಿಂತರು. ಆಡುವ ಬಗೆ ಹೀಗೆ. ಐದು ಜನಕ್ಕಿಂತ ಕಡಿಮೆಯಾದರೆ ಮಜಾ ಇಲ್ಲ, ಹನ್ನೆರಡು ದಾಟಿದರೆ ಗಲಾಟೆ. ಮೊದಲು ಎಲ್ಲೆ ಗೊತ್ತುಮಾಡಬೇಕು: ಬೀದಿ ನಲ್ಲಿಯಿಂದ ಹೊಂಗೆ ಮರದವರೆಗೆ ಎಂಬಂತೆ, ಎಲ್ಲೆ ದಾಟಿದವರು ಸಿಕ್ಕಿಬಿದ್ದ ಹಾಗೆ. ಆಮೇಲೆ ವಿಷ ಯಾರೆಂದು ಆರಿಸಬೇಕು. ಇಲ್ಲಿನ ಮಕ್ಕಳು ಅದಕ್ಕೆ ಸಾ-ಬೂ-ತ್ರೀ ಹಾಕುತ್ತಿದ್ದರು. ಮೂವರು ಮೂವರಾಗಿ ನಿಂತು ಒಂದೇ ಸಲ ಕೈ ಚಾಚುವುದು. ಅಂಗೈ ಮೇಲೋ ಕೆಳಗೋ, ಉಳಿದಿಬ್ಬರಿಗಿಂತ ಬೇರೆ ಹಾಕಿದವರು ಪಾರು. ಹೀಗೆ ಪಾರಾಗುತ್ತ ಕೊನೆಗೆ ಉಳಿದವರು ವಿಷ. ವಿಷವಾದವರು ಗೋಡೆಗೆ ಮುಖಮಾಡಿ ಇಪ್ಪತ್ತು ಎಣಿಸುವಷ್ಟರಲ್ಲಿ ಉಳಿದವರು ಚದುರಬೇಕು. ವಿಷ ಬೆನ್ನಟ್ಟಿ ಬಂದು ಮುಟ್ಟಿ "ವಿಷ!" ಎಂದರೆ, ಮುಟ್ಟಿಸಿಕೊಂಡವರು ಇದ್ದಲ್ಲಿ ಇದ್ದಂತೆಯೇ ನಿಲ್ಲಬೇಕು. ಎತ್ತಿದ ಕೈ ಎತ್ತಿದಂತೆ, ಬಗ್ಗಿದ ಸೊಂಟ ಬಗ್ಗಿದಂತೆ. ಉಸಿರಾಡಬಹುದು, ರೆಪ್ಪೆ ಬಡಿಯಬಹುದು. ನೊಣ ಕೂತರೆ ಓಡಿಸುವಂತಿಲ್ಲ. ಇನ್ನೂ ಬಿಡುವಾಗಿರುವ ಯಾರಾದರೂ ವಿಷದ ಕಣ್ಣು ತಪ್ಪಿಸಿ ಬಂದು ಮುಟ್ಟಿ "ಅಮೃತ" ಅನ್ನುವವರೆಗೆ ಅವರಿಗೆ ಬಿಡುಗಡೆಯಿಲ್ಲ. ಬರೀ ಮುಟ್ಟಿದರೆ ಸಾಲದು, ದೂರದಿಂದ ಬರೀ ಅಂದರೂ ಸಾಲದು. ಲಂಗ, ಅಂಗಿ ಮುಟ್ಟಿದರೆ ಆಗದು, ಮೈ ತಾಗಬೇಕು. ನಿಂತವರ ಪಕ್ಕದಲ್ಲೇ ವಿಷ ಕಾವಲು ನಿಲ್ಲಬಾರದು, ಹತ್ತು ಹೆಜ್ಜೆ ದೂರ ಹೋಗಲೇಬೇಕು. ಎಲ್ಲರೂ ನಿಂತುಬಿಟ್ಟರೆ ಆಟ ಮುಗಿಯಿತು. ಎಲ್ಲರಿಗಿಂತ ಮೊದಲು ಸಿಕ್ಕವರು ಮುಂದಿನ ವಿಷ. ಒಬ್ಬರೇ ಮೂರು ಸಲ ಸಿಕ್ಕರೂ ಅವರೇ ವಿಷ. ಚೆನ್ನಾಗಿ ಆಡುವವರೆಂದರೆ ಜೋರಾಗಿ ಓಡುವವರಲ್ಲ. ಎಲ್ಲಿ ಯಾರು ನಿಂತಿದ್ದಾರೆ ಎಂದು ಓಡುತ್ತಲೇ ಲೆಕ್ಕ ಇಟ್ಟುಕೊಳ್ಳುವವರು.

ಇಷ್ಟು ನಮ್ಮೂರಿನ ನಿಯಮ. ಎಲ್ಲರೂ ನನ್ನ ಬಾಯನ್ನೇ ನೋಡುತ್ತಿದ್ದರು. ಬೆಂಗಳೂರಿಗೆ ಬಂದ ಮೇಲೆ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ. ಆ ಸಂತೋಷ ಇನ್ನಷ್ಟು ಹೊತ್ತು ಇರಲಿ ಎಂದು ನಾನೇ ಒಂದು ನಿಯಮ ಸೇರಿಸಿದೆ.

"ವಿಷ ಹತ್ತಿದವರು ಮಾತಾಡಂಗಿಲ್ಲ. ಯಾರು ಕರದ್ರೂ ಓ ಅನ್ನಂಗಿಲ್ಲ."

"ಸೂಪರ್!" ಎಂದಳು ಸೆಲ್ವಿ. ಅಂದಿನಿಂದ ನಾನು ಆಟದ ಒಳಗೆ.

ತೊಂದರೆಯಾದದ್ದು ಮಲ್ಲಿಯಿಂದ. ಅವಳನ್ನು ಬಿಟ್ಟು ಹೋಗುವಂತಿಲ್ಲ, ಸೇರಿಸಿಕೊಂಡರೆ ಅವಳ ಬಾಯಿ ನಿಲ್ಲುವುದಿಲ್ಲ. ಚಿಕ್ಕವರನ್ನು ಅಲ್ಲಿನ ಮಕ್ಕಳು ತಮಿಳಿನಲ್ಲಿ 'ಒಪ್ಪುಕ್ಕು ಚಪ್ಪಾಣಿ' ಎನ್ನುತ್ತಿದ್ದರು. ಓಡಾಡಿಕೊಂಡಿರಲಿ, ಸಿಕ್ಕರೂ ಸಿಕ್ಕದ ಹಾಗೆ ಎಂದು ಬಿಟ್ಟುಬಿಡುವ ಲೆಕ್ಕ. ಮಲ್ಲಿಗೆ ಅದು ಬೇಡ. ಅವಳಿಗೆ ನಿಜವಾದ ಆಟ ಬೇಕು. ಯಾರಾದರೂ ಮುಟ್ಟಿದರೆ ನಿಲ್ಲುವಳು, ಆದರೆ ನಿಂತ ಮರುಗಳಿಗೆ, "ಅಕ್ಕಾ, ಇಲ್ಲಿದೀನಿ, ಬಾ! ಅಕ್ಕಾ, ಅಸ್ಲಂ ಅಲ್ಲಿ ಹೋದ!" ಎಂದು ಅರಚುವಳು. ಎರಡು ಮೂರು ದಿನ ನೋಡಿ ಅಸ್ಲಂ ಅವಳನ್ನು ಹೊರಗೆ ಕೂರಿಸಿದ. ಅವಳು ಕಟ್ಟೆಯ ಮೇಲೆ ಕೂತು ಅತ್ತಳು. ಆ ದಿನ, ಅಂದರೆ ಅದೆಲ್ಲ ನಡೆದ ದಿನ, ಆಟಕ್ಕೆ ಮೊದಲು ನಾನು ಅವಳ ಗಲ್ಲ ಹಿಡಿದು ಹೇಳಿದೆ.

"ಇವತ್ತು ಬಾಯಿ ಬಿಟ್ಟರ ಇನ್ನ ಯಾವತ್ತೂ ಸೇರಿಸಂಗಿಲ್ಲ ನೋಡು. ಏನಾದ್ರೂ ಆಗ್ಲಿ, ನಾ ಬಂದು ಅಮೃತ ಅನ್ನತನಕ ಗಪ್ ನಿಂದರಬೇಕು. ಆಣಿ ಮಾಡು."

ಮಲ್ಲಿ ನನ್ನ ನೆತ್ತಿಯ ಮೇಲೆ ಕೈಯಿಟ್ಟು ಆಣೆ ಮಾಡಿದಳು.

ಅಂದು ಗಲ್ಲಿಯಲ್ಲಿ ಯಾರದೋ ಮನೆಯ ಶಾಮಿಯಾನ ಕಟ್ಟಿದ್ದರು, ಓಡಲು ಜಾಗವಿಲ್ಲ. ಆ ಕಟ್ಟಡದಲ್ಲಿ ಆಡೋಣ ಎಂದವನು ಅಸ್ಲಂ. "ಇವತ್ತು ಕೆಲ್ಸ ಇಲ್ಲ ಮಗಾ ಅಲ್ಲಿ. ವಾಚ್‌ಮನ್ ತಾತ ಮಲಗಿರ್ತಾನೆ." ಬೇಡ ಅನ್ನಬೇಕಾಗಿತ್ತು. ಅನ್ನಲಿಲ್ಲ. ಮಲ್ಲಿಯ ಕೈ ಹಿಡಿದು ರಸ್ತೆ ದಾಟಿದೆ. ಮರಳಿನಲ್ಲಿ ಓಡಲು ಕಷ್ಟವೆಂದು ಎಲ್ಲರೂ ಚಪ್ಪಲಿಗಳನ್ನು ಸಂಪಿನ ಅಂಚಿನಲ್ಲಿ ಸಾಲಾಗಿ ಬಿಟ್ಟೆವು. ಅಂದು ಅಸ್ಲಂ ವಿಷ. ಅವನು ಎಣಿಸಿ ಮುಗಿಸುವಷ್ಟರಲ್ಲಿ ನಾನು ಮೆಟ್ಟಿಲಿನ ಕೆಳಗೆ ಹೋಗಿದ್ದೆ. ಅಲ್ಲಿಂದ ಅಂಗಳವೆಲ್ಲ ಕಾಣುತ್ತಿತ್ತು. ಹಿತ್ತಿಲ ಕಡೆಯ ಕಾಂಪೌಂಡ್ ಗೋಡೆಗೆ, ತಾರಸಿ ಎರೆಯುವಾಗ ಕೆಳಗೆ ಹಾಸುವ ಸೆಂಟ್ರಿಂಗ್‌ನ ಕಬ್ಬಿಣದ ತಗಡುಗಳನ್ನು ಒರಗಿಸಿದ್ದರು. ಗೋಡೆಗೂ ತಗಡಿಗೂ ನಡುವೆ ಒಂದು ಸಂದು. ದೊಡ್ಡವರು ನುಗ್ಗಲಾರದಷ್ಟು ಕಿರಿದು. ಮಲ್ಲಿ ಅದರೊಳಗೆ ಸೇರಿಕೊಂಡಳು. ಅಸ್ಲಂ ನೋಡಿಬಿಟ್ಟ. ಅವನು ಬಗ್ಗಿ ಉದ್ದ ಕೈಯನ್ನು ಒಳಗೆ ಚಾಚಿದ.

"ವಿಷ!"

ಮಲ್ಲಿ ಬಾಯಿ ಬಿಡಲಿಲ್ಲ. ಸಂದಿನಿಂದ ನನ್ನ ಕಡೆ ನೋಡಿದಳು. ಬರುತ್ತೇನೆ ಎಂದು ನಾನು ಕೈ ಎತ್ತಿ ತೋರಿಸಿದೆ. ಅಸ್ಲಂ ಆಚೆ ಹೋಗುವುದನ್ನು ಕಾಯುತ್ತಿದ್ದಾಗ ಗಲ್ಲಿಯ ಕಡೆಯಿಂದ ಸೆಲ್ವಿಯ ಅಮ್ಮನ ಕೂಗು ಕೇಳಿಸಿತು.

"ತಣ್ಣಿ ವಂದುಡ್ಚು! ಏಯ್ ಸೆಲ್ವೀ!"

ನೀರು ಬಂದಿತ್ತು. ಮೂರು ದಿನಕ್ಕೊಮ್ಮೆ ಬರುವ ನೀರು, ಯಾವ ಹೊತ್ತಿಗೆ ಎಂದು ಯಾರಿಗೂ ತಿಳಿಯದು. ಬಂದಾಗ ಕೊಡ ಹಿಡಿದು ಸಾಲಿನಲ್ಲಿ ಇರದಿದ್ದರೆ ಮುಂದಿನ ಮೂರು ದಿನ ಮನೆಯಲ್ಲಿ ಮುಖ ತೋರಿಸುವಂತಿಲ್ಲ. ನಿಂತಿದ್ದವರು, ಓಡುತ್ತಿದ್ದವರು, ವಿಷ, ಎಲ್ಲರೂ ಸಿಕ್ಕ ಚಪ್ಪಲಿ ಮೆಟ್ಟಿ ಒಂದೇ ಉಸಿರಿಗೆ ಓಡಿದೆವು. ಮಲ್ಲಿಯೂ ಬಂದಳೆಂದು ನಾನು ಅಂದುಕೊಂಡೆನೇ? ಎಷ್ಟೋ ವರ್ಷ ಹಾಗೆಯೇ ನನಗೆ ನಾನು ಹೇಳಿಕೊಂಡಿದ್ದೇನೆ. ನಿಜವೆಂದರೆ ಆ ಕ್ಷಣದಲ್ಲಿ ನಾನು ಅವಳ ಬಗ್ಗೆ ಏನೂ ಅಂದುಕೊಳ್ಳಲಿಲ್ಲ.

ನಲ್ಲಿಯ ಬಳಿ ಅವ್ವ ಇದ್ದಳು. ಬೇಗ ಕೆಲಸ ಬಿಟ್ಟಿದ್ದ ಸಣ್ಣವ್ವನೂ ಇದ್ದಳು. ಇಬ್ಬರ ಕೊಡಗಳೂ ಒಂದರ ಹಿಂದೆ ಒಂದು, ಇಬ್ಬರ ಮುಖಗಳೂ ಬೇರೆ ಬೇರೆ ದಿಕ್ಕಿಗೆ. ನಾನು ತುಂಬಿದ ಕೊಡ ಹೊತ್ತು ಮನೆಗೆ, ಖಾಲಿ ಕೊಡ ಹಿಡಿದು ನಲ್ಲಿಗೆ ಓಡಾಡತೊಡಗಿದೆ. ನಾಲ್ಕನೆಯ ಕೊಡವನ್ನು ಸೊಂಟಕ್ಕೇರಿಸುತ್ತಿದ್ದಾಗ ಸಣ್ಣವ್ವ ಕೇಳಿದಳು.

"ನೀಲಾ, ಮಲ್ಲಿ ಎಲ್ಲೆವ್ವ?"

ಕೊಡದ ನೀರು ತುಳುಕಿ ನನ್ನ ಎದೆಯ ಮೇಲೆ ಸುರಿಯಿತು. ಅವ್ವ ಇತ್ತ ತಿರುಗದಿದ್ದರೂ ಅವಳ ಕಿವಿ ಇತ್ತಲೇ ಇತ್ತು. ಕಟ್ಟಡದಲ್ಲಿ ಬಿಟ್ಟು ಬಂದೆ ಎಂದರೆ ಏನಾಗುತ್ತದೆಂದು ನನಗೆ ಕಂಡುಬಿಟ್ಟಿತು: ನನ್ನ ಬೆನ್ನು, ಅವ್ವನ ಮಾನ, ಸಣ್ಣವ್ವನ ಬಾಯಿ, ಇಡೀ ಬೀದಿಯ ಎದುರಿಗೆ.

"ಸೆಲ್ವಿ ಮನ್ಯಾಗ ಟಿವಿ ನೋಡಕತ್ತಾಳ" ಎಂದೆ.

ಈ ಕೊಡ ಇಳಿಸಿ ಓಡಿಹೋಗಿ ಕರೆತರುತ್ತೇನೆ ಎಂಬುದು ನನ್ನ ಲೆಕ್ಕ. ಕೊಡ ಇಳಿಸುವಷ್ಟರಲ್ಲಿ ಅವ್ವ ಇನ್ನೊಂದು ಹೊತ್ತು ಬಂದಳು, "ಹಂಡೆಕ್ಕ ಸುರವು, ಲಗೂನ" ಎಂದಳು. ಸುರಿದು ಹೊರಗೆ ಬರುವಷ್ಟರಲ್ಲಿ ಸಣ್ಣವ್ವ ಸೆಲ್ವಿಯ ಮನೆಯಿಂದ ಹಿಂತಿರುಗುತ್ತಿದ್ದಳು.

"ಅಲ್ಲಿ ಇಲ್ಲಲ್ಲ."

"ಈಗ ಇದ್ಳು ಸಣ್ಣವ್ವ. ಅಂಗಡಿ ಕಡಿ ಹೋಗಿರಬೇಕು."

ಎರಡನೆಯದು ಮೊದಲನೆಯದಕ್ಕಿಂತ ಸಲೀಸಾಗಿ ಬಂತು. ಅಲ್ಲಿಂದ ಮುಂದೆ ನನ್ನ ಕೈ ಮೀರಿತು. ಸಣ್ಣವ್ವ ಅಂಗಡಿಗೆ ಹೋದಳು, ಅಂಗಡಿಯವನು ನೋಡಿಲ್ಲವೆಂದ. ಸೆಲ್ವಿಯನ್ನು ಕೇಳಿದರೆ ಅವಳು, "ನಮ್ ಜೊತೇನೇ ಓಡ್ ಬಂದ್ಳಲ್ಲಾ ಆಂಟಿ" ಎಂದಳು. ಅವಳು ನಂಬಿದ್ದೇ ಹಾಗೆ. ಎಲ್ಲಿಂದ ಎಂದು ಯಾರೂ ಕೇಳಲಿಲ್ಲ, ಅವಳೂ ತಾನಾಗಿ ಹೇಳಲಿಲ್ಲ. ಅಸ್ಲಂ ಮಸೀದಿಗೆ ಓದಲು ಹೋಗಿದ್ದ. ಗಲ್ಲಿಯಲ್ಲಿ ಒಬ್ಬೊಬ್ಬರೇ ಕೊಡ ಇಳಿಸಿ ಹುಡುಕತೊಡಗಿದರು. ಅಪ್ಪ, ಕಾಕಾ ಕೆಲಸದಿಂದ ಬಂದರು. ನಾನು ರಸ್ತೆಯ ಕಡೆ ಎರಡು ಹೆಜ್ಜೆ ಇಟ್ಟಾಗಲೆಲ್ಲ ಯಾರಾದರೊಬ್ಬರು, "ನೀ ಎಲ್ಲಿಗೆ? ನೀನೂ ಕಳೀಬ್ಯಾಡ, ಇಲ್ಲೇ ನಿಂದರು" ಎಂದು ರಟ್ಟೆ ಹಿಡಿದು ನಿಲ್ಲಿಸುತ್ತಿದ್ದರು. ಹೊತ್ತು ಮುಳುಗುತ್ತಿತ್ತು. ಕರೆಂಟು ಹೋಯಿತು. ಆಗ ಕಟ್ಟಡದ ವಾಚ್‌ಮನ್ ತಾತ ರಸ್ತೆ ದಾಟಿ ಬಂದ. ಅವನ ಕೈಯಲ್ಲಿ ಗೇಣಿಗಿಂತ ಚಿಕ್ಕದಾದ ಒಂದು ಕೆಂಪು ಚಪ್ಪಲಿ ಇತ್ತು.

"ಸಂಪಿನ ಹತ್ರ ಬಿದ್ದಿತ್ತಮ್ಮ. ಯಾರ್ ಮಗೂದು ಇದು?"

ಎಲ್ಲರೂ ಕಟ್ಟಡದ ಕಡೆ ಓಡಿದರು, ಆ ಓಟದಲ್ಲಿ ನಾನೂ ಇದ್ದೆ. ಸಣ್ಣವ್ವ ಚಪ್ಪಲಿಯನ್ನು ತಾತನ ಕೈಯಿಂದ ಕಿತ್ತುಕೊಂಡು ಎದೆಗೆ ಒತ್ತಿ ಹಿಡಿದು ಎಲ್ಲರಿಗಿಂತ ಮುಂದೆ ಓಡಿದಳು. ಸಂಪಿನ ನೀರು ಕಪ್ಪಗೆ ಅಲುಗಾಡದೆ ನಿಂತಿತ್ತು. ಕಾಕಾ ಅಂಗಿಯನ್ನೂ ಬಿಚ್ಚದೆ ಇಳಿದ. ನೀರು ಅವನ ಎದೆಯವರೆಗೆ ಬಂತು. ಅವನು ಕಾಲಿನಿಂದ ತಳವನ್ನು ತಡಕುತ್ತ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋದ. ಅಪ್ಪ ಟಾರ್ಚ್ ಹಿಡಿದಿದ್ದ. ಸುತ್ತ ನಿಂತ ಜನ ಬಾಯಿಗೆ ಕೈ ಹಿಡಿದು ಕರೆಯುತ್ತಿದ್ದರು. "ಮಲ್ಲೀ! ಏ ಮಲ್ಲೀ!" ಅವ್ವ ಸಣ್ಣವ್ವನ ತೋಳು ಹಿಡಿದು, "ಶರಣಿ..." ಎಂದಳು. ಸಣ್ಣವ್ವ ಕೊಡವಿಕೊಂಡಳು.

ನಾನು ನಿಂತಿದ್ದ ಜಾಗದಿಂದ ಆ ತಗಡುಗಳು ಮೂವತ್ತು ಹೆಜ್ಜೆ. ಇಷ್ಟು ಜನ ಇಷ್ಟು ಜೋರಾಗಿ ಕರೆಯುತ್ತಿದ್ದಾರೆ, ಅಲ್ಲಿದ್ದರೆ ಅವಳು ಓ ಅನ್ನುತ್ತಿರಲಿಲ್ಲವೇ? ಅನ್ನುತ್ತಿಲ್ಲವೆಂದರೆ ಅಲ್ಲಿಲ್ಲ. ಅಲ್ಲಿಲ್ಲವೆಂದರೆ ನಮ್ಮ ಹಿಂದೆಯೇ ಹೊರಟು ಚಪ್ಪಲಿ ತೆಗೆದುಕೊಳ್ಳಲು ಬಗ್ಗಿದ್ದಾಳೆ. ನನ್ನ ಬುದ್ಧಿ ಅಲ್ಲಿಗೆ ಬಂದು ನಿಂತುಬಿಡುತ್ತಿತ್ತು. ಹೋಗಿ ನೋಡಲಿಲ್ಲ. ಅಲ್ಲಿ ಅವಳಿಲ್ಲದ ಸಂದನ್ನು ನೋಡುವುದಕ್ಕಿಂತ ಇಲ್ಲೇ ನಿಂತಿರುವುದು ಮೇಲು ಅನ್ನಿಸುತ್ತಿತ್ತು. ಅಷ್ಟರಲ್ಲಿ ಕಾಕಾ ನೀರಿನೊಳಗೆ ಮುಳುಗಿದ. ಮೇಲೆ ಬಂದಾಗ ಅವನ ಮುಖ ಕಿವುಚಿಕೊಂಡಿತ್ತು.

"ಏನಾತೋ?" ಎಂದ ಅಪ್ಪ.

"ಕಂಬಿ ಹೊಕ್ತು ಕಾಲಾಗ. ಇರಲಿ. ಆ ಮೂಲಿಗೆ ಬೆಳಕು ಹಿಡಿ" ಎಂದು ಕಾಕಾ ಮತ್ತೆ ಮುಳುಗಿದ.

ಆಗ ನಾನು ಓಡಿದೆ. ಮರಳಿನ ಗುಡ್ಡೆ ದಾಟಿ, ಮೆಟ್ಟಿಲು ಬಳಸಿ, ನೇರ ತಗಡುಗಳ ಕಡೆಗೆ. ಬಗ್ಗಿ ಸಂದಿನೊಳಗೆ ಕಣ್ಣು ಹಾಯಿಸಿದೆ. ಕತ್ತಲು. ಕತ್ತಲೊಳಗೆ ಎರಡು ಕಣ್ಣು. ಮಲ್ಲಿ ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದಳು. ಲಂಗ ಒದ್ದೆಯಾಗಿತ್ತು, ಕಾಲಿನ ಮೇಲೆ ಇರುವೆಗಳು ಹರಿದಾಡುತ್ತಿದ್ದವು. ನನ್ನನ್ನು ನೋಡಿಯೂ ಕದಲಲಿಲ್ಲ. ತುಟಿಗಳನ್ನು ಒಳಗೆ ಮಡಚಿ ಕಚ್ಚಿ ಹಿಡಿದಿದ್ದಳು. ಕೈ ಚಾಚಿ ಅವಳ ಮುಂಗೈ ಮುಟ್ಟಿದೆ. ಮಂಜಿನಷ್ಟು ತಣ್ಣಗಿತ್ತು.

"ಅಮೃತ" ಎಂದೆ. ಇನ್ನೊಮ್ಮೆ ಅಂದೆ.

ಅವಳ ಮೊಣಕಾಲು ಮಡಚಿತು. ಎಳೆದುಕೊಂಡೆ. ನನ್ನ ಕೊರಳಿಗೆ ಜೋತುಬಿದ್ದು, ಬಿಕ್ಕುತ್ತ, ಹೆಮ್ಮೆಯಿಂದ ಹೇಳಿದಳು.

"ಎಲ್ಲಾರೂ ಕರದ್ರು ಅಕ್ಕಾ. ಅವ್ವನೂ ಕರದ್ಳು. ನಾ ಮಾತಾಡ್ಲೇ ಇಲ್ಲ."

ಅವಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದಾಗ ಎದ್ದ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ. ಸಣ್ಣವ್ವ ಮಗಳನ್ನು ತೆಗೆದುಕೊಂಡು ಮರಳಿನ ಮೇಲೆ ಕುಸಿದು ಕೂತಳು. ಅಪ್ಪ ಕಾಕಾನನ್ನು ಮೇಲಕ್ಕೆ ಎಳೆದ. ಅವನ ಅಂಗಾಲಿನಿಂದ ರಕ್ತ ಇಳಿದು ಸಿಮೆಂಟಿನ ಮೇಲೆ ಹರಡಿತು. ವಾಚ್‌ಮನ್ ತಾತ ನನ್ನ ತಲೆ ಸವರಿದ. "ಜಾಣೆ ಕಣವ್ವ. ನಾವೆಲ್ಲ ಇದ್ದು ಏನ್ ಮಾಡಿದ್ವಿ?" ಅವ್ವ ಮಾತ್ರ ನನ್ನನ್ನೇ ದಿಟ್ಟಿಸುತ್ತಿದ್ದಳು.

"ನಿನಗ ಮೊದಲ ಗೊತ್ತಿತ್ತೇನು?"

"ಇಲ್ಲ. ಸುಮ್ನ ನೋಡಿದೆ" ಎಂದೆ.

ಆ ರಾತ್ರಿ ಸಣ್ಣವ್ವ ರೊಟ್ಟಿಯ ಮೇಲೆ ಶೇಂಗಾ ಹಿಂಡಿ, ಎಣ್ಣೆ ಹಾಕಿ ಸೀರೆಯ ಆಚೆಯಿಂದ ಬಂದು ನನ್ನ ಮುಂದೆ ಕೂತು ತನ್ನ ಕೈಯಾರೆ ತಿನ್ನಿಸಿದಳು. "ನನ್ನ ಮಗಳನ್ನ ಉಳಿಸಿದಿ ಯವ್ವಾ" ಎಂದಳು. ತುತ್ತನ್ನು ನೀರು ಕುಡಿದು ನುಂಗಿದೆ. ಅವಳು ಮತ್ತೊಂದು ತುತ್ತು ಮಾಡಿದಳು.

ಕಾಕಾನ ಕಾಲು ಬಾತುಕೊಂಡಿತು. ದಿನ ಬಿಟ್ಟು ದಿನ ಆಸ್ಪತ್ರೆಗೆ ಹೋಗಿ ಪಟ್ಟಿ ಬದಲಿಸಿಕೊಳ್ಳಬೇಕು. ಅಪ್ಪ, ಸಣ್ಣವ್ವ ಕೆಲಸ ಬಿಡುವಂತಿರಲಿಲ್ಲ, ಮಲ್ಲಿಗೆ ಜ್ವರ ಬಂದು ಅವ್ವ ಅವಳ ಬಳಿ ಇದ್ದಳು. ಹಾಗಾಗಿ ಶಾಲೆ ಬಿಟ್ಟ ಮೇಲೆ ಕಾಕಾನ ಜೊತೆ ನಾನು. ಅವನು ಒಂದು ಕೈಯನ್ನು ನನ್ನ ಹೆಗಲ ಮೇಲೆ ಊರಿ ಕುಂಟುತ್ತ ಬರುತ್ತಿದ್ದ. ನರ್ಸಮ್ಮ ಪಟ್ಟಿ ಬಿಚ್ಚಿ ಗಾಯದೊಳಗೆ ಬಟ್ಟೆಯ ಬತ್ತಿ ತುರುಕುವಾಗ ಅವನು ಗೋಡೆಯ ಕಡೆ ನೋಡುತ್ತಿದ್ದ, ನಾನು ಗಾಯವನ್ನು ನೋಡುತ್ತಿದ್ದೆ. ನೋಡಲೇಬೇಕೆಂದು ನನಗೆ ನಾನೇ ವಿಧಿಸಿಕೊಂಡಿದ್ದೆ. ನಾಲ್ಕನೆಯ ಸಲ ಹಿಂತಿರುಗುವಾಗ ಅವನಿಗೆ ಸುಸ್ತಾಗಿ ಹಲಸೂರು ಕೆರೆಯ ಬದಿಯ ಕಟ್ಟೆಯ ಮೇಲೆ ಕೂತೆವು. ಅಲ್ಲಿ ಹೇಳಿಬಿಟ್ಟೆ. ಮೊದಲಿನಿಂದ ಕೊನೆಯವರೆಗೆ. ಸೆಲ್ವಿಯ ಮನೆ, ಅಂಗಡಿ, ಆಣೆ, ಎಲ್ಲ.

ಕಾಕಾ ಬೀಡಿ ಹಚ್ಚಿಕೊಂಡ.

"ಗೊತ್ತದ" ಎಂದ.

"ಹೆಂಗ?"

"ನೀ ಓಡಿದ್ದು ನೋಡಿದೆ. ನೀರಾಗಿಂದ ತಲಿ ಎತ್ತಿದಾಗ ಕಂಡಿ. ಹುಡುಕೋರು ಅಷ್ಟು ಸೀದಾ ಓಡಂಗಿಲ್ಲ."

ನಾನು ಅಳತೊಡಗಿದೆ. ಅವನು ಬೀಡಿ ಮುಗಿಯುವವರೆಗೆ ಕೆರೆಯನ್ನು ನೋಡುತ್ತ ಕೂತಿದ್ದು ಆಮೇಲೆ ನನ್ನ ಹೆಗಲಿಗೆ ಕೈ ಹಾಕಿ ಎದ್ದ.

"ನಿಮ್ಮ ಸಣ್ಣವ್ವಗ ನಾ ಹೇಳಂಗಿಲ್ಲ. ನೀ ಹೇಳ್ತಿಯೋ ಬಿಡ್ತಿಯೋ ನೋಡು. ಆದ್ರ ಆಕಿ ದಿನಾ ನಿನಗ ಬಾಯಾಗ ಇಟ್ಟು ತಿನ್ನಸ್ತಾಳ. ಅದು ನನಗ ನೋಡಾಕ ಆಗಂಗಿಲ್ಲ."

ಮರುದಿನ ಬೆಳಗ್ಗೆ ಸಣ್ಣವ್ವ ರೊಟ್ಟಿ ಬಡಿಯುತ್ತಿದ್ದಳು. ನಾನು ಸೀರೆ ಸರಿಸಿ ಅವಳ ಎದುರು ಕೂತು ಹೇಳಿದೆ. ಬಡಿಯುವ ಕೈ ನಿಂತಿತು. ಹೆಂಚಿನ ಮೇಲಿದ್ದ ರೊಟ್ಟಿ ಸೀಯಿತು, ಕೋಣೆಯೆಲ್ಲ ಹೊಗೆಯಾಯಿತು, ಯಾರೂ ತೆಗೆಯಲಿಲ್ಲ.

"ನಾ ನಲ್ಲಿ ಹತ್ರ ಕೇಳಿದಾಗೂ ಗೊತ್ತಿತ್ತಾ?"

"ಗೊತ್ತಿತ್ತು."

"ನಿಮ್ಮ ಕಾಕಾ ನೀರಾಗ ಇಳಿದಾಗೂ?"

ನಾನು ಹೌದೆಂದು ತಲೆಯಾಡಿಸಿದೆ. ಅವಳು ನನ್ನನ್ನು ಹೊಡೆಯುತ್ತಾಳೆ ಎಂದು ಕಾದೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವಳು ಹಿಟ್ಟಿನ ಕೈಯನ್ನು ಪರಾತದಲ್ಲಿ ಹಾಗೆಯೇ ಇಟ್ಟು ನನ್ನ ಮುಖವನ್ನು ನೋಡುತ್ತ ಕೂತಳು, ಯಾರೋ ಹೊಸಬರನ್ನು ನೋಡುವ ಹಾಗೆ. ಈಚೆಯಿಂದ ಅವ್ವ ಬಂದಳು. ಸ್ಟೋವ್ ಆರಿಸಿದಳು. ಇಷ್ಟು ದಿನದಲ್ಲಿ ಮೊದಲ ಬಾರಿಗೆ, ನನ್ನ ಮೂಲಕ ಅಲ್ಲದೆ, ಮಾತಾಡಿದಳು.

"ಶರಣಿ, ಅಕಿದಲ್ಲ, ತಪ್ಪು ನಂದು. ನಿನ್ನ ಮ್ಯಾಲಿನ ಸಿಟ್ಟಿಗೆ ಕೂಸಿನ್ನ ಕೂಸಿನ ಕೈಯಾಗ ಕೊಟ್ಟೆ. ಅವತ್ತ ಅಂದ ಮಾತೂ ತಪ್ಪು."

ಸಣ್ಣವ್ವ ಎದ್ದು ಕೈ ತೊಳೆದಳು. ಜ್ವರ ಬಿಟ್ಟಿದ್ದ ಮಲ್ಲಿಯ ತಲೆ ಬಾಚಿ, ಕಂಕುಳಿಗೆ ಎತ್ತಿಕೊಂಡು, ಕೆಲಸಕ್ಕೆ ಹೊರಟುಹೋದಳು. ಅಂದಿನಿಂದ ಮಲ್ಲಿ ಅವಳ ಜೊತೆಗೇ. ಇಟ್ಟಿಗೆಯ ರಾಶಿಯ ನೆರಳಿನಲ್ಲಿ ಚೀಲ ಹಾಸಿ ಕೂರಿಸುತ್ತಿದ್ದಳಂತೆ. ಸಂಜೆ ಮಲ್ಲಿ ಸಿಮೆಂಟ್ ಬಳಿದ ಮುಖದಲ್ಲಿ ಬರುತ್ತಿದ್ದಳು, ದೂಳಿಗೆ ಕೆಮ್ಮುತ್ತಿದ್ದಳು. ನಾನು ಆಟಕ್ಕೆ ಹೋಗುವುದನ್ನು ಬಿಟ್ಟೆ. ಸೆಲ್ವಿ ಎರಡು ಸಲ ಕರೆದಳು, ಆಮೇಲೆ ಕರೆಯಲಿಲ್ಲ. ಮನೆಯಲ್ಲಿ ನನಗೆ ಕೆಲಸವೂ ತಪ್ಪಿತ್ತು, ಏಕೆಂದರೆ ಅವ್ವ ಮತ್ತು ಸಣ್ಣವ್ವ ಈಗ ಬೇಕಾದಷ್ಟನ್ನು ನೇರವಾಗಿಯೇ ಹೇಳಿಕೊಳ್ಳುತ್ತಿದ್ದರು. ನೀರು ಕಾದಾವ. ಉಪ್ಪು ತೀರ್ಯದ. ಅಷ್ಟೇ. ನನ್ನ ಜೊತೆ ಮಾತ್ರ ಸಣ್ಣವ್ವನಿಗೆ ಮಾತಿರಲಿಲ್ಲ.

ಕಾಕಾನ ಕಾಲು ಒಣಗಿ ಅವನು ಕೆಲಸಕ್ಕೆ ಹೊರಟು ಕೆಲವು ದಿನಗಳಾಗಿದ್ದವು. ಒಂದು ಭಾನುವಾರ ಬೆಳಗ್ಗೆ, ನನಗೆ ಶಾಲೆಯಿಲ್ಲ, ಅವರಿಗೆ ಕೆಲಸವಿತ್ತು. ನಾನು ಬಾಗಿಲಲ್ಲಿ ಕೂತು ಅಕ್ಕಿ ಆರಿಸುತ್ತಿದ್ದೆ. ಸಣ್ಣವ್ವ ಬುತ್ತಿ ಕಟ್ಟಿಕೊಂಡು ಹೊರಬಂದಳು, ಮಲ್ಲಿ ಅವಳ ಸೆರಗು ಹಿಡಿದಿದ್ದಳು. ನನ್ನನ್ನು ದಾಟಿ ಎರಡು ಹೆಜ್ಜೆ ಹೋದವಳು ನಿಂತಳು. ಹಿಂತಿರುಗಿ ಬಂದು ಮಲ್ಲಿಯ ಕೈಯನ್ನು ಸೆರಗಿನಿಂದ ಬಿಡಿಸಿ ನನ್ನ ಪಕ್ಕದಲ್ಲಿ ಕೂರಿಸಿದಳು. ನನ್ನ ಮುಖ ನೋಡಲಿಲ್ಲ.

"ಇಕಿಗ ಕರದ್ರ ಓ ಅನ್ನೋದು ಕಲಿಸು" ಎಂದಳು. "ಆಟ ಇರಲಿ, ಏನ ಇರಲಿ. ಯಾರ ಕರದ್ರೂ ಓ ಅನಬೇಕು."

ಅಕ್ಕಿಯ ಮೊರವನ್ನು ಅಲ್ಲೇ ಬಿಟ್ಟು ಎದ್ದೆ. ಮಲ್ಲಿಯನ್ನು ಬಾಗಿಲಲ್ಲಿ ನಿಲ್ಲಿಸಿ ನಲ್ಲಿಯವರೆಗೆ ಹೋಗಿ ಕರೆದೆ. ಅವಳು ಅನುಮಾನದಿಂದ ನನ್ನನ್ನೇ ನೋಡಿದಳು. ಇದು ಆಟವೋ ಅಲ್ಲವೋ ಎಂದು ಅವಳಿಗೆ ತಿಳಿಯಲಿಲ್ಲ. ಮತ್ತೆ ಕರೆದೆ. "ಓ" ಎಂದಳು ಮೆಲ್ಲಗೆ. ಹೊಂಗೆ ಮರದವರೆಗೆ ಹೋಗಿ ಕರೆದೆ. "ಓ!" ಸೆಲ್ವಿಯ ಮನೆಯ ಹಿಂದೆ, ಕಣ್ಣಿಗೆ ಕಾಣದಂತೆ ನಿಂತು ಕರೆದೆ. "ಓ! ಅಕ್ಕಾ, ಓ!" ಒಳಗಿನಿಂದ ಅವ್ವ, "ಸಾಕು ಮಾಡ್ರೇ, ಕಿವಿ ತೂತು ಬೀಳ್ತಾವ" ಎಂದು ಗದರಿದಳು. ನಾನು ನಿಲ್ಲಿಸಲಿಲ್ಲ. ಇನ್ನೊಮ್ಮೆ ಕರೆಯಲೆಂದು ಗಲ್ಲಿಯ ಕಡೆ ತಿರುಗಿದಾಗ ಕಂಡಿತು: ಕೆಲಸಕ್ಕೆ ಹೊತ್ತಾಗಿದ್ದರೂ ಸಣ್ಣವ್ವ ಹೋಗಿರಲಿಲ್ಲ. ತಿರುವಿನಲ್ಲಿ ಬುತ್ತಿಗಂಟು ಹಿಡಿದು, ನಮಗೆ ಬೆನ್ನು ಮಾಡಿ ನಿಂತಿದ್ದಳು. ನಾನು ಗಂಟಲು ಹರಿಯುವಂತೆ ಕರೆದೆ. ಮಲ್ಲಿ ಅದಕ್ಕಿಂತ ಜೋರಾಗಿ ಓ ಎಂದಳು. ಅದನ್ನು ಕೇಳಿಸಿಕೊಂಡ ಮೇಲೆ ಸಣ್ಣವ್ವ ಹೊರಟಳು.